‘ತುರನ್ನೊಸ್’ ಪದದ ಅರ್ಥ ಮತ್ತು ಪ್ರಯೋಗ: ಕನ್ನಡದ ಸಮಾನಪದಗಳ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಸೊಫೊಕ್ಲಿಸ್‌ನ ‘ಈಡಿಪಸ್ ತುರನ್ನೊಸ್’ ನಾಟಕವು ಪಿ. ಲಂಕೇಶರ ಅನುವಾದದಲ್ಲಿ ‘ದೊರೆ ಈಡಿಪಸ್’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿದೆ. ಲ್ಯಾಟಿನ್ ಸಂಪ್ರದಾಯದಲ್ಲಿ ಇದು ‘ಈಡಿಪಸ್ ರೆಕ್ಸ್’. ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ‘ಈಡಿಪಸ್ ದಿ ಕಿಂಗ್’. ಆದರೆ ಮೂಲ ಶೀರ್ಷಿಕೆಯಲ್ಲಿರುವ ಗ್ರೀಕ್ ಪದವು ಇಂಗ್ಲಿಷಿನ ‘ಟೈರಂಟ್’ ಎಂಬ ಪದಕ್ಕೆ ಮೂಲವಾದುದು. ಅದೇ ಪದವು ರಾಜ್ಯಶಾಸ್ತ್ರದ ಕನ್ನಡ ಪಠ್ಯಗಳಲ್ಲಿ ‘ನಿರಂಕುಶ ಪ್ರಭು’, ‘ಪ್ರಜಾಪೀಡಕ’, ‘ಸರ್ವಾಧಿಕಾರಿ’ ಮುಂತಾದ ರೂಪಗಳನ್ನು ತಾಳುತ್ತದೆ. ಹೀಗೆ ಒಂದೇ ಪದವು ಸಾಹಿತ್ಯದ ತರಗತಿಯಲ್ಲಿ ಗೌರವಸೂಚಕವಾಗಿಯೂ ರಾಜ್ಯಶಾಸ್ತ್ರದ ತರಗತಿಯಲ್ಲಿ ನಿಂದಾಸೂಚಕವಾಗಿಯೂ ವಿದ್ಯಾರ್ಥಿಗೆ ಎದುರಾಗುತ್ತದೆ. ಇವೆರಡೂ ಒಂದೇ ಪದದ ಕನ್ನಡ ರೂಪಗಳೆಂಬ ಅರಿವು ಆತನಿಗೆ ಉಂಟಾಗುವ ಸಂದರ್ಭಗಳು ವಿರಳ.

ಈ ಗೊಂದಲಕ್ಕೆ ಅನುವಾದಕರ ಅನವಧಾನ ಕಾರಣವಲ್ಲ. ಅಧಿಕಾರವನ್ನು ಕುರಿತು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬಹುದು: ಅದು ಹೇಗೆ ಬಂತು ಎಂಬುದು ಒಂದು, ಅದನ್ನು ಹೇಗೆ ಬಳಸಲಾಯಿತು ಎಂಬುದು ಇನ್ನೊಂದು. ‘ತುರನ್ನೊಸ್’ ಪದವು ಮೊದಲನೆಯ ಪ್ರಶ್ನೆಗೆ ಉತ್ತರವಾಗಿ ಬಳಕೆಗೆ ಬಂದು ಕಾಲಕ್ರಮದಲ್ಲಿ ಎರಡನೆಯದಕ್ಕೆ ಉತ್ತರವಾಯಿತು. ಕನ್ನಡದಲ್ಲಿ ಅದಕ್ಕೆ ಸಮಾನವೆಂದು ರೂಢಿಸಿರುವ ನಾಮಪದಗಳು ಬಹುತೇಕ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತವೆ. ಈ ವ್ಯತ್ಯಾಸದ ಸ್ವರೂಪವನ್ನೂ ಅದರಿಂದ ಓದಿನಲ್ಲಿ ಉಂಟಾಗುವ ಪರಿಣಾಮವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

1. ಪದದ ಮೂಲ ಮತ್ತು ಆದಿಮ ಪ್ರಯೋಗ

‘ತುರನ್ನೊಸ್’ ಮೂಲತಃ ಗ್ರೀಕ್ ಪದವಲ್ಲವೆಂದೂ ಏಷ್ಯಾ ಮೈನರ್ ಪ್ರದೇಶದ ಭಾಷೆಯೊಂದರಿಂದ ಬಂದಿರಬಹುದೆಂದೂ ಭಾಷಾಶಾಸ್ತ್ರಜ್ಞರು ಅಭಿಪ್ರಾಯಪಡುತ್ತಾರೆ. ಹೋಮರನ ಕಾವ್ಯಗಳಲ್ಲಿ ಈ ಪದವಿಲ್ಲ. ಅಲ್ಲಿ ಅರಸನಿಗೆ ‘ಬಸಿಲೆವುಸ್’, ‘ಅನಾಕ್ಸ್’ ಎಂಬ ಪದಗಳಿವೆ. ಈ ಅಭಾವವನ್ನು ಪ್ರಾಚೀನರೇ ಗುರುತಿಸಿದ್ದರು. ಸೊಫೊಕ್ಲಿಸ್‌ನ ನಾಟಕದ ಹಸ್ತಪ್ರತಿಗಳಿಗೆ ಜೋಡಿಸಿದ ಪೂರ್ವಪೀಠಿಕೆಯೊಂದರಲ್ಲಿ ಸೋಫಿಸ್ಟ್ ಪಂಥದ ಹಿಪ್ಪಿಯಾಸನ ಅಭಿಪ್ರಾಯ ಉಲ್ಲೇಖಗೊಂಡಿದೆ. ಅದರ ಪ್ರಕಾರ ಈ ಪದವು ಆರ್ಕಿಲೊಕಸ್ ಕವಿಯ ಕಾಲದಲ್ಲಿ ಗ್ರೀಕರಲ್ಲಿ ಹರಡಿತು. ಅತ್ಯಂತ ಅಧರ್ಮಿಯಾದ ಎಖೆಟಸನನ್ನೂ ಹೋಮರನು ‘ಬಸಿಲೆವುಸ್’ ಎಂದೇ ಕರೆದಿದ್ದಾನೆ. ಹೋಮರನ ಪರಿಭಾಷೆಯಲ್ಲಿ ದುಷ್ಟನಾದ ಅರಸನೂ ಅರಸನೇ ಎಂಬುದು ಇಲ್ಲಿ ಗಮನಾರ್ಹ. ದುಷ್ಟತನವನ್ನು ಹೇಳಲು ಹೊಸ ಪದದ ಅಗತ್ಯವಿರಲಿಲ್ಲ. ಹೊಸ ಬಗೆಯ ಅಧಿಕಾರವನ್ನು ಹೇಳಲು ಅದು ಬೇಕಾಯಿತು.

ಉಪಲಬ್ಧವಿರುವ ಗ್ರೀಕ್ ಸಾಹಿತ್ಯದಲ್ಲಿ ಈ ಧಾತುವಿನ ಮೊದಲ ಪ್ರಯೋಗ ಕ್ರಿ.ಪೂ. 7ನೆಯ ಶತಮಾನದ ಆರ್ಕಿಲೊಕಸ್‌ನ ಪದ್ಯಖಂಡವೊಂದರಲ್ಲಿ ದೊರೆಯುತ್ತದೆ. ಲಿಡಿಯಾದ ಗೈಜಸನ ಸಂಪತ್ತನ್ನು ಪ್ರಸ್ತಾಪಿಸುವ ಆ ಪದ್ಯದಲ್ಲಿ ‘ತುರನ್ನಿಸ್’, ಅಂದರೆ ತುರನ್ನೊಸನ ಪದವಿ, ಮನುಷ್ಯರು ಆಸೆಪಡುವ ವಸ್ತುಗಳಲ್ಲಿ ಒಂದಾಗಿ ಬರುತ್ತದೆ. ಹೆರೊಡೋಟಸನ ಇತಿಹಾಸದ ಮೊದಲ ಸಂಪುಟದ ಪ್ರಕಾರ ಗೈಜಸನು ತನ್ನ ಒಡೆಯ ಕಂದೌಲಿಸನನ್ನು ಕೊಂದು ಸಿಂಹಾಸನವನ್ನೂ ರಾಣಿಯನ್ನೂ ಪಡೆದವನು. ವಂಶದ ಹಕ್ಕಿಲ್ಲದೆ ರಾಜ್ಯ ಪಡೆದವನೊಬ್ಬನ ಸನ್ನಿಧಿಯಲ್ಲಿಯೇ ಈ ಪದವು ಮೊದಲು ಕಾಣಿಸಿಕೊಳ್ಳುವುದು ಅರ್ಥಪೂರ್ಣವಾಗಿದೆ.

ಅದೇ ಶತಮಾನದ ನಡುಭಾಗದಲ್ಲಿ ಕೊರಿಂಥ್ ನಗರದಲ್ಲಿ ಕುಪ್ಸೆಲಸನು ಬಕ್ಕಿಯಾಡ್ ಎಂಬ ಕುಲೀನ ಮನೆತನವನ್ನು ಹೊರಗಟ್ಟಿ ಅಧಿಕಾರ ಹಿಡಿದನು. ಸಿಕ್ಯೋನ್, ಮೆಗಾರಗಳಲ್ಲಿಯೂ ಇಂಥ ಆಳ್ವಿಕೆಗಳು ತಲೆಯೆತ್ತಿದವು. ಇವರಲ್ಲಿ ಹಲವರಿಗೆ ಜನಬೆಂಬಲವಿತ್ತು. ಕೆಲವೇ ಕುಟುಂಬಗಳು ಭೂಮಿಯನ್ನೂ ನ್ಯಾಯದಾನವನ್ನೂ ತಮ್ಮ ವಶದಲ್ಲಿಟ್ಟುಕೊಂಡಿದ್ದ ವ್ಯವಸ್ಥೆಗೆ ಇವರು ಆಘಾತ ನೀಡಿದರು. ಆದುದರಿಂದ ಪದದ ಮೇಲಿನ ನಿಂದೆಯ ಲೇಪದಲ್ಲಿ ಸ್ವಲ್ಪ ಭಾಗವಾದರೂ ಅಧಿಕಾರ ಕಳೆದುಕೊಂಡ ಕುಲೀನರ ದನಿಯಿಂದ ಬಂದುದೆಂದು ಭಾವಿಸಲು ಅವಕಾಶವಿದೆ. ಮತ್ತೊಂದೆಡೆ, ಸಿರಾಕ್ಯೂಸಿನ ಹೈರನನನ್ನು ಹೊಗಳಿದ ಪಿಂಡಾರನು ಅವನನ್ನು ‘ಬಸಿಲೆವುಸ್’ ಎಂದು ಕರೆದುದಲ್ಲದೆ ‘ತುರನ್ನೊಸ್’ ಪದವನ್ನೂ ನಿಂದೆಯ ಸೋಂಕಿಲ್ಲದೆ ಬಳಸಿದ್ದಾನೆ.

2. ಪೆಯಿಸಿಸ್ಟ್ರಟಸ್: ಪದಕ್ಕೂ ನಡತೆಗೂ ನಡುವಣ ಅಂತರ

ಪದದ ಮೂಲಾರ್ಥವನ್ನು ತಿಳಿಯಲು ಅಥೆನ್ಸಿನ ಪೆಯಿಸಿಸ್ಟ್ರಟಸನ ಉದಾಹರಣೆ ಅತ್ಯಂತ ಉಪಯುಕ್ತ. ಹೆರೊಡೋಟಸನ ಪ್ರಕಾರ ಇವನು ಅಧಿಕಾರ ಹಿಡಿದದ್ದು ಮೂರು ಬಾರಿ. ಮೊದಲ ಬಾರಿ, ಸುಮಾರು ಕ್ರಿ.ಪೂ. 561ರಲ್ಲಿ, ತನ್ನನ್ನೂ ತನ್ನ ಹೇಸರಗತ್ತೆಗಳನ್ನೂ ತಾನೇ ಗಾಯಗೊಳಿಸಿಕೊಂಡು, ಶತ್ರುಗಳು ಹಲ್ಲೆ ಮಾಡಿದರೆಂದು ಸಭೆಯನ್ನು ನಂಬಿಸಿ, ದೊಣ್ಣೆ ಹಿಡಿದ ಕಾವಲುಪಡೆಯನ್ನು ಪಡೆದು, ಅದರ ನೆರವಿನಿಂದ ಆಕ್ರೊಪೊಲಿಸನ್ನು ವಶಪಡಿಸಿಕೊಂಡನು. ಎರಡನೆಯ ಬಾರಿ ಫುಯೆ ಎಂಬ ಎತ್ತರದ ಹೆಂಗಸಿಗೆ ಅಥೀನಾ ದೇವಿಯ ವೇಷ ತೊಡಿಸಿ, ದೇವಿಯೇ ತನ್ನನ್ನು ಕರೆತರುತ್ತಿದ್ದಾಳೆಂಬ ಭ್ರಮೆ ಹುಟ್ಟಿಸಿ ನಗರವನ್ನು ಪ್ರವೇಶಿಸಿದನು. ಮೂರನೆಯ ಬಾರಿ, ಸುಮಾರು ಕ್ರಿ.ಪೂ. 546ರಲ್ಲಿ, ಹಣವನ್ನೂ ಕೂಲಿ ಸೈನಿಕರನ್ನೂ ಕೂಡಿಸಿಕೊಂಡು ಪಲ್ಲೆನೆಯ ಕಾಳಗದಲ್ಲಿ ಗೆದ್ದು ಬಂದನು. ಅನುಕಂಪ, ದೈವಭಕ್ತಿ, ಸೇನಾಬಲ ಎಂಬ ಮೂರು ದಾರಿಗಳಲ್ಲಿ ಒಂದೂ ನಿಯಮಬದ್ಧವಾದುದಲ್ಲ.

ಆದರೆ ಇಂಥವನ ಆಳ್ವಿಕೆ ಕ್ರೂರವಾಗಿತ್ತೇ? ಥುಸಿಡಿಡೀಸನ ಹೇಳಿಕೆಯಂತೆ ಈ ಮನೆತನದವರು ನಗರದ ಇದ್ದ ಕಾನೂನುಗಳನ್ನು ಹಾಗೆಯೇ ಉಳಿಸಿಕೊಂಡರು. ಅಧಿಕಾರಸ್ಥಾನಗಳಲ್ಲಿ ತಮ್ಮವನೊಬ್ಬ ಇರುವಂತೆ ಮಾತ್ರ ನೋಡಿಕೊಂಡರು. ಬೆಳೆಯಲ್ಲಿ ಇಪ್ಪತ್ತರಲ್ಲೊಂದು ಪಾಲನ್ನು ತೆರಿಗೆಯಾಗಿ ಪಡೆದರು. ಅರಿಸ್ಟಾಟಲನ ಹೆಸರಿನಲ್ಲಿರುವ, 1891ರಲ್ಲಿ ಪಪೈರಸ್ ಪ್ರತಿಯಿಂದ ಪ್ರಕಟವಾದ ‘ಅಥೆನ್ಸಿನ ಸಂವಿಧಾನ’ ಗ್ರಂಥವು ತೆರಿಗೆಯನ್ನು ಹತ್ತರಲ್ಲೊಂದು ಪಾಲೆಂದು ಹೇಳುತ್ತದೆ. ಆದರೂ ಪೆಯಿಸಿಸ್ಟ್ರಟಸನ ಆಡಳಿತ ತುರನ್ನೊಸನ ರೀತಿಗಿಂತ ಹೆಚ್ಚಾಗಿ ಪೌರನ ರೀತಿಯಲ್ಲಿತ್ತೆಂಬುದನ್ನು ಆ ಗ್ರಂಥವೂ ಒಪ್ಪುತ್ತದೆ. ಈ ಕೊನೆಯ ಮಾತಿನಲ್ಲಿ ಪದದ ಇತಿಹಾಸವೇ ಅಡಗಿದೆ. ತುರನ್ನೊಸನೊಬ್ಬನು ತುರನ್ನೊಸನಂತೆ ನಡೆದುಕೊಳ್ಳಲಿಲ್ಲ ಎಂಬ ವಾಕ್ಯ ಸಾಧ್ಯವಾಗಬೇಕಾದರೆ ಪದಕ್ಕೆ ಅಷ್ಟರಲ್ಲಿ ಎರಡು ಅರ್ಥಗಳು ಬಂದಿರಬೇಕು. ಮೊದಲನೆಯ ಪ್ರಯೋಗ ಅಧಿಕಾರದ ಪ್ರಾಪ್ತಿಯನ್ನು ಹೇಳಿದರೆ ಎರಡನೆಯದು ನಡತೆಯನ್ನು ಹೇಳುತ್ತದೆ.

3. ಅರ್ಥಾಂತರದ ಹಾದಿ

ಈ ಪಲ್ಲಟಕ್ಕೆ ಕ್ರಿ.ಪೂ. 5 ಮತ್ತು 4ನೆಯ ಶತಮಾನಗಳ ಅಥೆನ್ಸಿನ ಪ್ರಜಾಪ್ರಭುತ್ವ ಭೂಮಿಕೆಯಾಯಿತು. ಪೆಯಿಸಿಸ್ಟ್ರಟಸನ ಮಗ ಹಿಪ್ಪಾರ್ಕಸನ ಕೊಲೆ (ಕ್ರಿ.ಪೂ. 514) ಹಾಗೂ ಹಿಪ್ಪಿಯಾಸನ ಉಚ್ಚಾಟನೆಯ (ಕ್ರಿ.ಪೂ. 510) ನಂತರ ಆ ನಗರವು ತನ್ನ ಸ್ವರೂಪವನ್ನು ತುರನ್ನೊಸನಿಗೆ ಎದುರಾಗಿಯೇ ಕಲ್ಪಿಸಿಕೊಂಡಿತು. ಕ್ರಿ.ಪೂ. 336ರಲ್ಲಿ ಯೂಕ್ರಟಿಸನ ಸೂಚನೆಯಂತೆ ಅಂಗೀಕೃತವಾದ ಕಾನೂನು, ತುರನ್ನೊಸನಾಗಲು ಹೊರಟವನನ್ನು ಕೊಂದವನಿಗೆ ದೋಷವಿಲ್ಲವೆಂದು ಸಾರಿತು. ಅದರ ಶಿಲಾಶಾಸನ 1952ರಲ್ಲಿ ಅಥೆನ್ಸಿನ ಅಗೊರಾದಲ್ಲಿ ದೊರೆಯಿತು.

ತತ್ತ್ವಜ್ಞಾನಿಗಳು ಈ ವೈರಕ್ಕೆ ಲಕ್ಷಣದ ರೂಪ ಕೊಟ್ಟರು. ಪ್ಲೇಟೋ ‘ರಿಪಬ್ಲಿಕ್’ನ 8 ಮತ್ತು 9ನೆಯ ಭಾಗಗಳಲ್ಲಿ ತುರನ್ನೊಸನನ್ನು ಕಾಮನೆಗಳ ದಾಸನಾದ ಒಂದು ಮನೋಧರ್ಮವಾಗಿ ಚಿತ್ರಿಸಿದನು. ಕ್ಸೆನೊಫೋನನ ಪ್ರಕಾರ ಒಪ್ಪಿದ ಪ್ರಜೆಗಳನ್ನು ಕಾನೂನಿನಂತೆ ಆಳುವುದು ಅರಸುತನ. ಒಪ್ಪದವರನ್ನು ಇಚ್ಛೆಯಂತೆ ಆಳುವುದು ತುರನ್ನಿಸ್. ಅರಿಸ್ಟಾಟಲನು ಅದನ್ನು ಆಳುವವನ ಹಿತಕ್ಕಾಗಿ ನಡೆಯುವ, ಏಕಪ್ರಭುತ್ವದ ವಿಕೃತ ರೂಪವೆಂದನು. ಈ ಮೂವರಲ್ಲಿಯೂ ಸಿಂಹಾಸನ ಹೇಗೆ ದಕ್ಕಿತೆಂಬ ಪ್ರಶ್ನೆ ಹಿಂದೆ ಸರಿದು, ಅದರ ಮೇಲೆ ಕುಳಿತವನು ಏನು ಮಾಡಿದನೆಂಬುದು ಮುಂದೆ ಬಂದಿದೆ.

ಮೂಲಾರ್ಥ ಮಾತ್ರ ಅಳಿಯಲಿಲ್ಲ. ರೋಮನ್ ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಲ್ಯಾಟಿನಿನ ‘ತಿರನ್ನುಸ್’ ಪದವು ಪಟ್ಟಕ್ಕೆ ಹಕ್ಕಿಲ್ಲದ ಸಾಮ್ರಾಟನನ್ನು ಸೂಚಿಸಲು ಮತ್ತೆ ಬಳಕೆಗೆ ಬಂತು. ರೋಮಿನ ಕಾನ್‌ಸ್ಟಂಟೈನನ ವಿಜಯದ್ವಾರದ (ಕ್ರಿ.ಶ. 315) ಶಾಸನವು ಸೋತ ಮಾಕ್ಸೆಂಟಿಯಸನ ಹೆಸರನ್ನು ಎತ್ತದೆ ಅವನನ್ನು ಈ ಪದದಿಂದ ಮಾತ್ರ ಗುರುತಿಸುತ್ತದೆ. ಕಾಳಗದ ಫಲಿತಾಂಶ ಬೇರೆಯಾಗಿದ್ದರೆ ಪದವು ಯಾರಿಗೆ ಸಲ್ಲುತ್ತಿತ್ತೆಂಬುದು ಊಹಿಸಲು ಕಷ್ಟವಾದುದಲ್ಲ. 14ನೆಯ ಶತಮಾನದ ಇಟಲಿಯ ನ್ಯಾಯಶಾಸ್ತ್ರಜ್ಞ ಬಾರ್ತೊಲುಸನು ಎರಡು ಅರ್ಥಗಳನ್ನೂ ಒಪ್ಪಿ ವಿಂಗಡಿಸಿದನು: ಹಕ್ಕಿನ ಕೊರತೆಯಿಂದ ಆದವನು ಒಬ್ಬ, ಅಧಿಕಾರದ ಚಲಾವಣೆಯಿಂದ ಆದವನು ಇನ್ನೊಬ್ಬ. ಕನ್ನಡದ ಸಮಾನಪದಗಳನ್ನು ಪರೀಕ್ಷಿಸಲು ಈ ವಿಂಗಡಣೆ ಒಳ್ಳೆಯ ಒರೆಗಲ್ಲಾಗಿದೆ.

4. ಕನ್ನಡದ ನಾಮಪದಗಳು

‘ಪ್ರಜಾಪೀಡಕ’ ಮತ್ತು ‘ದಬ್ಬಾಳಿಕೆಗಾರ’ ಎಂಬ ಪದಗಳ ಅರ್ಥ ಸ್ಪಷ್ಟ. ಎರಡೂ ಚಲಾವಣೆಯನ್ನು ಹೇಳುತ್ತವೆ. ವಂಶಾನುಗತವಾಗಿ ಪಟ್ಟವೇರಿದವನಿಗೂ ಇವು ಸಲ್ಲುತ್ತವೆ. ‘ನಿರಂಕುಶ’ ಪದದ ಮೂಲದಲ್ಲಿ ಅಂಕುಶವಿಲ್ಲದ ಆನೆಯ ಚಿತ್ರವಿದೆ. ಆನೆ ಯಾರದು, ಎಲ್ಲಿಂದ ಬಂತು ಎಂಬುದು ಆ ಚಿತ್ರಕ್ಕೆ ಅಪ್ರಸ್ತುತ. ಅದನ್ನು ತಡೆಯುವ ಸಾಧನವಿಲ್ಲ ಎಂಬುದಷ್ಟೇ ಮುಖ್ಯ. ಕವಿಗಳನ್ನು ನಿರಂಕುಶರೆನ್ನುವ ಸಂಸ್ಕೃತದ ಹಳೆಯ ಮಾತಿನಲ್ಲಿ ನಿಂದೆಯೂ ಇಲ್ಲ.

‘ಸರ್ವಾಧಿಕಾರಿ’ ಪದದ ಚರಿತ್ರೆ ಇನ್ನೂ ಕುತೂಹಲಕರ. ಹೊಯ್ಸಳರ ಕಾಲದ ಶಾಸನಗಳಲ್ಲಿ ‘ಮಹಾಪ್ರಧಾನ’, ‘ಸೇನಾಧಿಪತಿ’ ಮುಂತಾದ ಬಿರುದುಗಳ ಸಾಲಿನಲ್ಲಿ ಇದು ಬರುತ್ತದೆ. ಅಲ್ಲಿ ಸರ್ವಾಧಿಕಾರಿಯು ಅರಸನಿಂದ ಅಧಿಕಾರ ಪಡೆದ ಸೇವಕ. ಅವನ ಅಧಿಕಾರ ‘ಸರ್ವ’ವಾದರೂ ಸ್ವಂತದ್ದಲ್ಲ. 18ನೆಯ ಶತಮಾನದ ಮೈಸೂರಿನಲ್ಲಿ ದಳವಾಯಿ ದೇವರಾಜಯ್ಯನ ಜೊತೆಯಲ್ಲಿ ಕಳಲೆಯ ನಂಜರಾಜಯ್ಯನು ಸರ್ವಾಧಿಕಾರಿಯಾಗಿದ್ದನು. ಒಡೆಯರು ಸಿಂಹಾಸನದ ಮೇಲಿದ್ದರೂ ರಾಜ್ಯಭಾರ ಈ ಸಹೋದರರ ಕೈಯಲ್ಲಿತ್ತು. ಅರಸನೊಬ್ಬನನ್ನು ನಾಯಕನನ್ನಾಗಿಸಿ ಅಲಂಕಾರಗಳಿಗೆ ಲಕ್ಷ್ಯ ಕೊಡುವ ‘ಪ್ರತಾಪರುದ್ರೀಯ’ದ ಮಾದರಿಯಲ್ಲಿ ನೃಸಿಂಹಕವಿಯು ರಚಿಸಿದ ‘ನಂಜರಾಜಯಶೋಭೂಷಣ’ದಲ್ಲಿ ಆ ನಾಯಕಸ್ಥಾನ ದೊರೆತುದು ಈ ನಂಜರಾಜನಿಗೆ. ಬಿರುದು ಸೇವಕನದು, ಕಾವ್ಯದ ಸ್ಥಾನ ಒಡೆಯನದು ಎಂಬ ಈ ಸ್ಥಿತಿಯಲ್ಲಿ ಪದದ ಮುಂದಿನ ಅರ್ಥಪಲ್ಲಟದ ಒಂದು ಸುಳಿವನ್ನು ಕಾಣಬಹುದು.

20ನೆಯ ಶತಮಾನದಲ್ಲಿ ಮುಸೊಲಿನಿ, ಹಿಟ್ಲರ್ ಮೊದಲಾದವರನ್ನು ಕುರಿತು ಬರೆಯುವಾಗ ‘ಡಿಕ್ಟೇಟರ್’ ಎಂಬುದಕ್ಕೆ ಸಮಾನವಾಗಿ ‘ಸರ್ವಾಧಿಕಾರಿ’ ನೆಲೆಗೊಂಡಿತು. ಈ ಜೋಡಣೆಯಲ್ಲಿ ಆಕಸ್ಮಿಕವಾದರೂ ಒಂದು ಔಚಿತ್ಯವಿದೆ. ರೋಮನ್ ಗಣರಾಜ್ಯದಲ್ಲಿ ಡಿಕ್ಟೇಟರನೂ ಗರಿಷ್ಠ ಆರು ತಿಂಗಳ ಅವಧಿಗೆ ನೇಮಕಗೊಳ್ಳುವ ಕಾನೂನುಬದ್ಧ ಅಧಿಕಾರಿಯಾಗಿದ್ದನು. ಸುಲ್ಲ ಮತ್ತು ಸೀಸರರ ನಂತರವೇ ಆ ಪದವಿ ಕೆಟ್ಟ ಹೆಸರು ಪಡೆಯಿತು. ಎರಡು ಭಾಷೆಗಳಲ್ಲಿಯೂ ಅಧಿಕೃತ ಹುದ್ದೆಯೊಂದರ ಹೆಸರು ಅನಿರ್ಬಂಧ ಅಧಿಕಾರದ ಹೆಸರಾಗಿದೆ. ಆದುದರಿಂದಲೇ ‘ಸರ್ವಾಧಿಕಾರಿ’ಯು ‘ತುರನ್ನೊಸ್’ಗೆ ಸಮಾನವಾಗಲಾರದು. ತುರನ್ನೊಸ್ ಹೊರಗಿನಿಂದ ಬಂದವನು. ಸರ್ವಾಧಿಕಾರಿ ವ್ಯವಸ್ಥೆಯ ಒಳಗಿನಿಂದಲೇ ಬೆಳೆದವನು.

ಪ್ರಾಪ್ತಿಯನ್ನು ಹೇಳುವ ‘ರಾಜ್ಯಾಪಹಾರಿ’ ಪದವು ಗ್ರಂಥಸ್ಥವಾಗಿದ್ದರೂ ಆಡುಮಾತಿಗೆ ಇಳಿದಿಲ್ಲ. ಕನ್ನಡಿಗರು ಈ ಅರ್ಥವನ್ನು ನಾಮಪದದಲ್ಲಿ ಹಿಡಿದಿಡುವುದಕ್ಕಿಂತ ಕ್ರಿಯಾಪದದಲ್ಲಿ ಹೇಳುವುದೇ ಹೆಚ್ಚು: ಪಟ್ಟ ಕಿತ್ತುಕೊಂಡ, ಗದ್ದುಗೆ ಕಬಳಿಸಿದ, ರಾಜ್ಯ ಲಪಟಾಯಿಸಿದ. ಕ್ರಿಯಾಪದವು ಒಂದು ಕೃತ್ಯವನ್ನು ಹೇಳಿ ಮುಗಿಸುತ್ತದೆ. ನಾಮಪದದಂತೆ ಕೃತ್ಯವೆಸಗಿದವನಿಗೆ ಶಾಶ್ವತವಾಗಿ ಅಂಟಿಕೊಳ್ಳುವುದಿಲ್ಲ. ಕಬಳಿಸಿದವನು ಕೆಲವು ವರ್ಷ ಆಳಿದ ಬಳಿಕ ಅವನನ್ನು ಅರಸನೆಂದೇ ಕರೆಯಲು ಭಾಷೆಯ ಅಡ್ಡಿಯಿಲ್ಲ.

5. ಶಾಸನಗಳ ಸಾಕ್ಷ್ಯ

ನಾಡಿನ ಶಾಸನಗಳಲ್ಲಿ ಅಕ್ರಮ ಪ್ರಾಪ್ತಿಯ ಪ್ರಸಂಗಗಳು ಹೇಗೆ ದಾಖಲಾಗಿವೆ ಎಂಬುದು ಈ ದೃಷ್ಟಿಯಿಂದ ವಿಚಾರಾರ್ಹ. ಬಾದಾಮಿಯ ಚಾಲುಕ್ಯ ಮಂಗಲೇಶನು ಕ್ರಿ.ಶ. 578ರ ತನ್ನ ಗುಹಾಶಾಸನದಲ್ಲಿ ಅಣ್ಣ ಕೀರ್ತಿವರ್ಮನ ಪುಣ್ಯವನ್ನು ಬಯಸುವ ನಿಷ್ಠಾವಂತ ತಮ್ಮ. ಕ್ರಿ.ಶ. 634ರ ಐಹೊಳೆಯ ಪ್ರಶಸ್ತಿಯಲ್ಲಿ ಅವನೇ ಅಣ್ಣನ ಮಗ ಇಮ್ಮಡಿ ಪುಲಕೇಶಿಯ ಮೇಲೆ ಅಸೂಯೆಪಟ್ಟು, ತನ್ನ ಮಗನಿಗೆ ರಾಜ್ಯ ದೊರಕಿಸಲು ಯತ್ನಿಸಿ, ಆ ಯತ್ನದೊಂದಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಚಿಕ್ಕಪ್ಪ. ಎರಡನೆಯ ಚಿತ್ರವನ್ನು ಬರೆದ ರವಿಕೀರ್ತಿಯು ಗೆದ್ದ ಪುಲಕೇಶಿಯ ಆಶ್ರಯದಲ್ಲಿದ್ದವನು. ಕಾನ್‌ಸ್ಟಂಟೈನನ ವಿಜಯದ್ವಾರದಂತೆ ಇಲ್ಲಿಯೂ ಅಕ್ರಮದ ಆರೋಪ ಗೆದ್ದವನ ಕಡೆಯಿಂದ ಬಂದಿದೆ. ಆದರೆ ಐಹೊಳೆಯ ಕವಿ ಸೋತವನಿಗೆ ಒಂದು ಜಾತಿವಾಚಕ ಹೆಸರಿಡುವುದಿಲ್ಲ. ಅವನು ಮಾಡಿದುದನ್ನು ನಿರೂಪಿಸುತ್ತಾನೆ.

ಗೆದ್ದವನೇ ಹೊರಗಿನವನಾದಾಗ ಭಾಷೆ ಹಿಡಿಯುವ ದಾರಿ ಬೇರೆ. ಕಲ್ಯಾಣದ ಚಾಲುಕ್ಯರ ಮಹಾಮಂಡಳೇಶ್ವರನಾಗಿದ್ದ ಕಳಚುರಿ ಬಿಜ್ಜಳನು ಮುಮ್ಮಡಿ ತೈಲಪನ ಕಾಲದಲ್ಲಿ ಬಲಗೊಂಡು ಕ್ರಿ.ಶ. 1162ರ ವೇಳೆಗೆ ಚಕ್ರವರ್ತಿಯ ಬಿರುದುಗಳನ್ನು ಧರಿಸಿದನು. ಅವುಗಳಲ್ಲಿ ‘ಭುಜಬಳ ಚಕ್ರವರ್ತಿ’ ಎಂಬುದು ಪ್ರಸಿದ್ಧ. ‘ಭುಜಬಲ’ವು ಬಿರುದುಗಳಲ್ಲಿ ಸಾಮಾನ್ಯವಾಗಿ ಬರುವ ಅಂಶವಾದುದರಿಂದ ಇದೊಂದನ್ನೇ ಆಧರಿಸಿ ತೀರ್ಮಾನಕ್ಕೆ ಬರಲಾಗದು. ಆದರೂ ಒಡೆಯನ ಪಟ್ಟವನ್ನು ಪಡೆದ ಸಾಮಂತನೊಬ್ಬನ ವಿಷಯದಲ್ಲಿ ಅದು ಬಹು ಸಮರ್ಪಕವಾಗಿ ಒದಗಿಬಂದಿದೆ. ವಂಶದ ಹಕ್ಕಿನ ಜಾಗದಲ್ಲಿ ತೋಳಿನ ಬಲವನ್ನು ಹಕ್ಕಾಗಿ ನಿಲ್ಲಿಸಲು ಅದು ಅನುಕೂಲ ಮಾಡಿಕೊಡುತ್ತದೆ. ಗ್ರೀಕರು ತುರನ್ನೊಸ್ ಎಂದು ಕರೆಯಬಹುದಾಗಿದ್ದ ಸ್ಥಿತಿ ಇಲ್ಲಿ ಹೊಗಳಿಕೆಯಾಗಿದೆ. ಬಿಜ್ಜಳನ ವಿಷಯದಲ್ಲಿ ಇದು ನಾಟಕಕ್ಕೂ ವಸ್ತುವಾದುದು ಸಹಜ. ಲಂಕೇಶರ ‘ಸಂಕ್ರಾಂತಿ’ ಮತ್ತು ಗಿರೀಶ ಕಾರ್ನಾಡರ ‘ತಲೆದಂಡ’ (1990) ನಾಟಕಗಳಲ್ಲಿ ಬಿಜ್ಜಳನು ಪ್ರಮುಖ ಪಾತ್ರ.

‘ಅಪಹಾರಿ’ ಎಂಬ ಜಾತಿವಾಚಕವನ್ನು ಕರ್ನಾಟಕದ ಅರಸರಿಗೆ ಧಾರಾಳವಾಗಿ ಅಂಟಿಸಿದುದು ಮುಖ್ಯವಾಗಿ ವಸಾಹತುಕಾಲದ ಇತಿಹಾಸ ಬರವಣಿಗೆ. 1485ರಲ್ಲಿ ಸಾಳುವ ನರಸಿಂಹನು ವಿಜಯನಗರದ ಪಟ್ಟವೇರಿದುದು ಇತಿಹಾಸ ಗ್ರಂಥಗಳಲ್ಲಿ ‘ಮೊದಲ ಅಪಹರಣ’ವಾಯಿತು. ಹೈದರ್ ಅಲಿಯು 1761ರಲ್ಲಿ ಅಧಿಕಾರವನ್ನು ಕೈಗೆ ತೆಗೆದುಕೊಂಡ ಮೇಲೂ ಒಡೆಯರ ಪಟ್ಟ 1796ರವರೆಗೆ ಹೆಸರಿಗಾದರೂ ಉಳಿದಿತ್ತು. 1799ರ ನಂತರದ ಬ್ರಿಟಿಷ್ ಬರಹಗಳಲ್ಲಿ ಹೈದರ್ ಮತ್ತು ಟಿಪ್ಪು ಸುಲ್ತಾನರನ್ನು ಅಪಹಾರಿಗಳೆಂದು ಗುರುತಿಸುವುದು ರೂಢಿಯಾಯಿತು. ಒಡೆಯರನ್ನು ಪುನಃ ಸ್ಥಾಪಿಸಿ, ರಾಜ್ಯದ ಭಾಗಗಳನ್ನು ತಾನೂ ಪಡೆದ ಕಂಪನಿಗೆ ಆ ಪದ ಸಮರ್ಥನೆ ಒದಗಿಸಿತು. ಪ್ರಾಪ್ತಿಯ ಅಕ್ರಮವನ್ನು ಹೇಳುವ ಪದವನ್ನು ಕಂಡಾಗ ಅದನ್ನು ಯಾರು, ಯಾವಾಗ ಬಳಸಿದರೆಂದು ಕೇಳುವುದು ಈ ಕಾರಣದಿಂದ ಅಗತ್ಯ.

6. ‘ದೊರೆ’ ಎಂಬ ಆಯ್ಕೆ

ಈ ಹಿನ್ನೆಲೆಯಲ್ಲಿ ‘ದೊರೆ ಈಡಿಪಸ್’ ಶೀರ್ಷಿಕೆಯನ್ನು ನೋಡಬಹುದು. ಅರಿಸ್ಟಾಟಲನು ಈ ನಾಟಕವನ್ನು ‘ಈಡಿಪಸ್’ ಎಂದಷ್ಟೇ ಹೆಸರಿಸುವುದರಿಂದ ‘ತುರನ್ನೊಸ್’ ವಿಶೇಷಣ ಅನಂತರದ ಸೇರ್ಪಡೆಯಾಗಿರುವ ಸಂಭವವಿದೆ. ಆದರೆ ಪದವು ನಾಟಕದ ಒಳಗೂ ಇದೆ. ಈಡಿಪಸನು ಕೊರಿಂಥಿನಿಂದ ಬಂದ ಪರದೇಶಿ; ಸ್ಫಿಂಕ್ಸಿನ ಒಗಟನ್ನು ಬಿಡಿಸಿ ಥೀಬ್ಸಿನ ಆಳ್ವಿಕೆಯನ್ನು ಪಡೆದವನು. ತಾನು ಕೇಳದೆಯೇ ನಗರ ಅದನ್ನು ತನಗಿತ್ತಿತೆಂದು ಅವನು ಹೇಳಿಕೊಳ್ಳುತ್ತಾನೆ. ವಂಶದ ಹಕ್ಕಿಲ್ಲದೆ ಬುದ್ಧಿಬಲದಿಂದ ಬಂದವನೆಂಬ ಅರ್ಥದಲ್ಲಿ ಅವನು ತುರನ್ನೊಸ್. ಸತ್ಯ ಹೊರಬಿದ್ದಾಗ ಅವನು ಲಾಯಸನ ಮಗ, ಅಂದರೆ ಹುಟ್ಟಿನಿಂದಲೇ ‘ಬಸಿಲೆವುಸ್’. ಅದೇ ಗಳಿಗೆಯಲ್ಲಿ ಅವನು ಹಿಂದಿನ ಅರಸನನ್ನು ಕೊಂದು ಅವನ ರಾಜ್ಯವನ್ನೂ ರಾಣಿಯನ್ನೂ ಪಡೆದವನೆಂಬುದೂ ತಿಳಿಯುತ್ತದೆ. ನ್ಯಾಯವಾದ ಹಕ್ಕು ಸಿದ್ಧವಾಗುವ ಕ್ಷಣವೂ ಘೋರವಾದ ಅಕ್ರಮ ಸಿದ್ಧವಾಗುವ ಕ್ಷಣವೂ ಒಂದೇ. ಬರ್ನಾರ್ಡ್ ನಾಕ್ಸ್ 1954ರ ಲೇಖನವೊಂದರಲ್ಲಿ ಈಡಿಪಸನನ್ನು ತುರನ್ನೊಸ್ ಎಂದು ಏಕೆ ಕರೆಯಲಾಗಿದೆ ಎಂಬ ಪ್ರಶ್ನೆಯನ್ನೇ ಚರ್ಚಿಸಿದ್ದಾರೆ. ನಿಜ ತಿಳಿದ ಬಳಿಕವೇ ಮೇಳವು ಅವನನ್ನು ‘ಬಸಿಲೆವುಸ್’ ಎಂದು ಕರೆಯುವುದು ಈ ಚರ್ಚೆಯಲ್ಲಿ ಮಹತ್ವ ಪಡೆದಿದೆ. ಹಾಗೆಂದು ಈ ವಿರೋಧಾಭಾಸವನ್ನು ಅತಿಯಾಗಿ ಎಳೆಯಲಾಗದು. ವಂಶಸ್ಥ ಅರಸನಾದ ಲಾಯಸನಿಗೂ ಸೊಫೊಕ್ಲಿಸ್ ಇದೇ ಪದವನ್ನು ಬಳಸಿದ್ದಾನೆ. ರುದ್ರನಾಟಕಗಳಲ್ಲಿ ಅದು ಬರಿದೇ ‘ಆಳುವವ’ ಎಂಬರ್ಥದಲ್ಲಿಯೂ ಬರುತ್ತದೆ. ಒಂದೇ ನಾಟಕದಲ್ಲಿ ತಟಸ್ಥ ಅರ್ಥ, ಹಕ್ಕಿಲ್ಲದವನೆಂಬ ಅರ್ಥ, ಅಹಂಕಾರದಿಂದ ಹುಟ್ಟುವ ಕೇಡಿನ ಅರ್ಥ ಮೂರೂ ಇವೆ.

ಇಂಥ ಪದಕ್ಕೆ ‘ಪ್ರಜಾಪೀಡಕ ಈಡಿಪಸ್’ ಎಂಬ ರೂಪ ಕೊಟ್ಟಿದ್ದರೆ, ಪ್ರಜೆಗಳ ನೋವಿಗೆ ಮರುಗುವ ಆರಂಭದ ದೃಶ್ಯಕ್ಕೇ ಅದು ಹೊಂದುತ್ತಿರಲಿಲ್ಲ. ‘ರಾಜ’, ‘ಅರಸ’ ಪದಗಳು ವಂಶ, ಪಟ್ಟಾಭಿಷೇಕಗಳ ಪರಿವಾರವನ್ನು ಜೊತೆಗೆ ತರುತ್ತವೆ. ‘ದೊರೆ’ ಹಾಗಲ್ಲ. ಹಳಗನ್ನಡದಲ್ಲಿ ಸಮಾನತೆ, ಯೋಗ್ಯತೆ ಎಂಬ ಅರ್ಥಗಳಿದ್ದ ಈ ಪದ ಒಡೆಯನೆಂಬ ಅರ್ಥದಲ್ಲಿ ರೂಢಿಯಾಗಿ, ಕಂಪನಿಯ ಕಾಲದಲ್ಲಿ ಬಿಳಿಯ ಅಧಿಕಾರಿಗಳಿಗೂ ಸಂದಿತು. ಎಲ್ಲಿಂದಲೋ ಬಂದು ಆಳುತ್ತಿರುವವನನ್ನು ಆ ಕುರಿತು ಏನನ್ನೂ ಕೇಳದೆ ಕರೆಯಬಹುದಾದ ಪದವಿದು. ಈ ತಾಟಸ್ಥ್ಯದಿಂದಲೇ ಅದು ರುದ್ರನಾಟಕದ ‘ತುರನ್ನೊಸ್’ಗೆ ಬೇರೆಲ್ಲ ಪದಗಳಿಗಿಂತ ಹತ್ತಿರವಾಗುತ್ತದೆ. ಮೂಲಪದದಲ್ಲಿರುವ ಹಕ್ಕಿಲ್ಲದವನೆಂಬ ಸೂಚನೆ ಮಾತ್ರ ಅದರಲ್ಲಿ ಉಳಿಯುವುದಿಲ್ಲ. ಆ ನಷ್ಟವನ್ನು ಶೀರ್ಷಿಕೆಯಲ್ಲಿ ತುಂಬಲು ಸಾಧ್ಯವಿಲ್ಲ, ಪಾಠದಲ್ಲಿ ತುಂಬಬೇಕು.

ಸಮಾರೋಪ

‘ತುರನ್ನೊಸ್’ಗೆ ಎಲ್ಲ ಸಂದರ್ಭಗಳಿಗೂ ಸಲ್ಲುವ ಒಂದೇ ಕನ್ನಡ ಪದವನ್ನು ನಿಗದಿಪಡಿಸುವುದು ಸಾಧುವಲ್ಲ. ಕ್ರಿ.ಪೂ. 7 ಮತ್ತು 6ನೆಯ ಶತಮಾನಗಳ ಗ್ರೀಕ್ ಚರಿತ್ರೆಗೆ ಮೂಲಪದವನ್ನೇ ಉಳಿಸಿಕೊಳ್ಳುವುದು ಕ್ಷೇಮ. ಪ್ಲೇಟೋ, ಅರಿಸ್ಟಾಟಲರ ಸಂದರ್ಭದಲ್ಲಿ ‘ಪ್ರಜಾಪೀಡಕ’ ಹೊಂದುತ್ತದೆ. ರೋಮನ್ ಸಾಮ್ರಾಜ್ಯದ ಕೊನೆಯ ಕಾಲಕ್ಕೆ ‘ರಾಜ್ಯಾಪಹಾರಿ’ ಸಮರ್ಪಕ. ‘ಸರ್ವಾಧಿಕಾರಿ’ಯನ್ನು ‘ಡಿಕ್ಟೇಟರ್’ಗೆ ಮೀಸಲಿಡುವುದು ಯುಕ್ತ. ರಂಗಭೂಮಿಗೆ ‘ದೊರೆ’ ಈಗಾಗಲೇ ಸಿದ್ಧವಾಗಿದೆ.

ಇದಕ್ಕಿಂತ ಮುಖ್ಯವಾದ ಅಂಶವೊಂದಿದೆ. ಚಲಾವಣೆಯನ್ನು ಹೇಳುವ ಪದಗಳು ಮಾತ್ರ ಬಳಕೆಯಲ್ಲಿದ್ದಾಗ, ಸೌಮ್ಯವಾಗಿ ಆಳುವವನ ಅಧಿಕಾರ ಎಲ್ಲಿಂದ ಬಂತೆಂದು ಕೇಳುವ ಅಭ್ಯಾಸ ಸಡಿಲವಾಗುತ್ತದೆ. ಪ್ರಾಪ್ತಿಯನ್ನು ಹೇಳುವ ಪದಗಳು ಮಾತ್ರ ಇದ್ದಾಗ, ಹಕ್ಕಿನಿಂದ ಬಂದವನ ಕ್ರೌರ್ಯಕ್ಕೆ ಹೆಸರಿಲ್ಲದಂತಾಗುತ್ತದೆ. ಪೆಯಿಸಿಸ್ಟ್ರಟಸನು ಮೊದಲನೆಯದಕ್ಕೂ ಹೋಮರನ ಎಖೆಟಸನು ಎರಡನೆಯದಕ್ಕೂ ನಿದರ್ಶನ. ಎರಡೂ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬಲ್ಲ ಪದಸಂಪತ್ತು ಕನ್ನಡದಲ್ಲಿದೆ. ಅವುಗಳನ್ನು ಒಂದರ ಬದಲಿಗೆ ಒಂದನ್ನು ಬಳಸದೆ, ಅದರದರ ಸ್ಥಾನದಲ್ಲಿ ಇರಿಸುವ ಹೊಣೆ ಅನುವಾದಕರದೂ ಅಧ್ಯಾಪಕರದೂ ಆಗಿದೆ.